ಕ್ಯಾಡಿ ಮಾಸ್ತರರ ಕಣ್ಣು

ಮೊನ್ನೆ ದಾದರ್ ಸ್ಟೇಷನ್ನಿನ ಹೊರಗೆ ಟ್ಯಾಕ್ಸಿಗಾಗಿ ಕಾಯುತ್ತ ನಿಂತಿದ್ದೆ. ಎದುರಿಗೆ ಒಂದು ಕೈಗಾಡಿ ಹಾದುಹೋಯಿತು. ಅದರ ತುಂಬ ಕಬ್ಬಿಣದ ಸಲಾಕೆಗಳು. ಹಿಂದಕ್ಕೆ ಮಾರುದ್ದ ಚಾಚಿಕೊಂಡಿದ್ದ ತುದಿಗೆ ಯಾರೋ ಒಂದು ಕೆಂಪು ಚಿಂದಿ ಕಟ್ಟಿದ್ದರು, ಹಿಂದಿನಿಂದ ಬರುವವರು ನೋಡಿಕೊಂಡು ಬರಲಿ ಎಂದು. ಎಣ್ಣೆ ಹತ್ತಿ ಅರ್ಧ ಕಪ್ಪಾಗಿದ್ದ ಚಿಂದಿ. ಈ ಊರಿನಲ್ಲಿ ಇಂಥದ್ದನ್ನು ದಿನಕ್ಕೆ ಹತ್ತು ಸಲ ನೋಡುತ್ತೇವೆ. ಅವತ್ತು ಮಾತ್ರ ಏನಾಯಿತೋ, ಟ್ಯಾಕ್ಸಿ ಬಂದು ನಿಂತರೂ ನಾನು ಹತ್ತಲಿಲ್ಲ. ಡ್ರೈವರ್ ಏನೋ ಗೊಣಗಿಕೊಂಡು ಮುಂದೆ ಹೋದ. ನನಗೆ ನಮ್ಮ ಕ್ಯಾಡಿ ಮಾಸ್ತರರು ನೆನಪಾಗಿದ್ದರು.

ಐವತ್ತರ ದಶಕದ ಮಾತು. ನನಗಾಗ ಇಪ್ಪತ್ತೊಂದು ವರ್ಷ. ಧಾರವಾಡದಿಂದ ಬಂದು ದಾದರಿನ ಚಾಳಿನಲ್ಲಿ ಎರಡು ಕೋಣೆ ಹಿಡಿದ ಮನೆ ನಮ್ಮದು. ಅಪ್ಪ ರೇಲ್ವೆಯಲ್ಲಿ ಗುಮಾಸ್ತ. ನಾನು ಟೈಪಿಂಗು, ಶಾರ್ಟ್‌ಹ್ಯಾಂಡು ಎರಡನ್ನೂ ಪಾಸು ಮಾಡಿ ಒಂದು ಗಾಲ್ಫ್ ಕ್ಲಬ್ಬಿನ ಆಫೀಸಿಗೆ ಸೇರಿದ್ದೆ. ಪವಾಯಿ ಕೆರೆಗೂ ವಿಕ್ರೋಳಿಗೂ ನಡುವೆ, ಆಗ ಬರೀ ಹುಲ್ಲು, ತಾಳೆಮರ, ಕಲ್ಲುಗುಡ್ಡೆ ಇದ್ದ ಕಡೆ ಆ ಕ್ಲಬ್ಬು. "ವಯಸ್ಸಿಗೆ ಬಂದ ಹುಡುಗಿ, ಅಷ್ಟು ದೂರ, ಅದೂ ಸಾಹೇಬರು ಆಡೂ ಜಾಗಾ..." ಎಂದು ಚಾಳಿನ ಹೆಂಗಸರು ಅವ್ವನ ಕಿವಿ ಕಚ್ಚಿದ್ದರು. ಸಾಹೇಬರು ಹಡಗು ಹತ್ತಿ ಹೋಗಿ ಕೆಲವು ವರ್ಷಗಳಾಗಿದ್ದವು. ಅವರು ಕೂರುತ್ತಿದ್ದ ಬೆತ್ತದ ಕುರ್ಚಿಗಳಲ್ಲಿ ಈಗ ಗಿರಣಿ ಮಾಲೀಕರು, ಕಂಪನಿಗಳ ದೊಡ್ಡ ತಲೆಗಳು ಕೂರುತ್ತಿದ್ದರು. ಕುರ್ಚಿ ಅವೇ, ಗತ್ತೂ ಅದೇ.

ಆಡುವವರ ಕೋಲುಗಳ ಚೀಲ ಹೊತ್ತು ಹಿಂದೆ ನಡೆಯುವವನು ಕ್ಯಾಡಿ. ಚೆಂಡು ಬೀಳುವ ಜಾಗದ ಹತ್ತಿರ ಮೊದಲೇ ಹೋಗಿ ನಿಂತು, ಅದು ಎಲ್ಲಿ ಬಿತ್ತೆಂದು ನೋಡಿ ಹೇಳುವವನಿಗೆ ಆಗೇವಾಲಾ ಎನ್ನುತ್ತಿದ್ದರು. ಇವರೆಲ್ಲರ ಮೇಲಿನವರು ನಮ್ಮ ಮಾಸ್ತರರು. ಉಡುಪಿ ಕಡೆಯವರು. ಚಿಕ್ಕಂದಿನಲ್ಲಿ ದಾದರಿನ ಒಂದು ಹೋಟೆಲಿನಲ್ಲಿ ಲೋಟ ತೊಳೆಯಲು ಬಂದವರು, ಅಲ್ಲಿಂದ ಕ್ಲಬ್ಬಿನ ಕ್ಯಾಂಟೀನಿಗೆ, ಕ್ಯಾಂಟೀನಿನಿಂದ ಹುಲ್ಲಿನ ಮೈದಾನಕ್ಕೆ ಬಂದು, ಇಪ್ಪತ್ತು ವರ್ಷ ಬಿಸಿಲು ಕುಡಿದು ಮಾಸ್ತರರಾಗಿದ್ದರು. ಖಾಕಿ ಅಂಗಿ, ಇಸ್ತ್ರಿ ಮಾಡಿದ ಅರ್ಧ ಚಡ್ಡಿ, ಕೊರಳಲ್ಲಿ ಸೀಟಿ. ಒಂದು ಕಾಲಕ್ಕೆ ಇನ್ನೂರು ಗಜ ದೂರದ ಹುಲ್ಲಿನಲ್ಲಿ ಬಿದ್ದ ಚೆಂಡನ್ನು ನಿಂತಲ್ಲಿಂದಲೇ ಬೆರಳು ಮಾಡಿ ತೋರಿಸುತ್ತಿದ್ದರಂತೆ. ಹದ್ದಿನ ಕಣ್ಣು ಎಂದು ಸಾಹೇಬರು ಹೆಸರಿಟ್ಟಿದ್ದರಂತೆ. ನಾನು ಸೇರುವ ಹೊತ್ತಿಗೆ ಆ ಹೆಸರು ಮಾತ್ರ ಉಳಿದಿತ್ತು.

ಕ್ಲಬ್ಬಿನ ಹಿಂದೆ ಒಂದು ಕೋಣೆಯ ಕ್ವಾರ್ಟರಿನಲ್ಲಿ ಅವರ ಸಂಸಾರ. ಮಕ್ಕಳಿರಲಿಲ್ಲ. ಹೆಂಡತಿ, ಹೆಂಡತಿಯ ತಮ್ಮ. ಅವನನ್ನು ಹೆತ್ತ ಬಾಣಂತನದಲ್ಲೇ ತಾಯಿ ತೀರಿಕೊಂಡಿದ್ದರಿಂದ ಅಕ್ಕನೇ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದಳು. ಇಪ್ಪತ್ತೈದರ ಆಳು, ಬಾಯಿ ತೆರೆದರೆ ನಗು. ಮಾಸ್ತರರು ಅವನನ್ನು ಊರಿಂದ ಕರೆಸಿ ಆಗೇವಾಲಾ ಕೆಲಸಕ್ಕೆ ಹಾಕಿದ್ದರು. ಆಕೆ ಒಮ್ಮೊಮ್ಮೆ ನನಗೆಂದು ಬಾಳೆಲೆಯಲ್ಲಿ ಸುತ್ತಿದ ಪತ್ರೊಡೆ ಕಳಿಸುತ್ತಿದ್ದಳು. ಜೋಳದ ರೊಟ್ಟಿಯ ನಾಲಿಗೆ ನನ್ನದು. ಮೊದಲ ಸಲ ಮುಖ ಹಿಂಡಿದ್ದೆ, ಆಮೇಲೆ ಕೇಳಿ ತರಿಸಿಕೊಳ್ಳತೊಡಗಿದೆ.

ಮಾಸ್ತರರ ಕಣ್ಣಿನ ಸಂಗತಿ ನನಗೆ ಗೊತ್ತಾದದ್ದು ನನ್ನ ಚಪ್ಪಲಿಯ ಸದ್ದಿನಿಂದ. ಬೆಳಿಗ್ಗೆ ನಾನು ವರಾಂಡ ಹತ್ತುವಾಗಲೇ "ಬಂದ್ರಾ ತಂಗಿ?" ಎಂದು ದೂರದಿಂದ ಕೇಳುವುದು ಅವರ ರೂಢಿ. ದೀಪಾವಳಿಗೆ ಅಪ್ಪ ಹೊಸ ಬೂಟು ಕೊಡಿಸಿದ್ದ. ಅದನ್ನು ಹಾಕಿಕೊಂಡು ಹೋದ ದಿನ ಅವರು ಎದ್ದು ನಿಂತು, ನನ್ನ ಮುಖಕ್ಕೇ ಸಲಾಮು ಹೊಡೆದು, "ಗುಡ್ ಮಾರ್ನಿಂಗ್ ಮೇಡಂ" ಎಂದರು. ನಾಲ್ಕು ಹೆಜ್ಜೆ ದೂರವಿರಲಿಲ್ಲ. ನಾನು ನಕ್ಕೆ. "ಮಾಸ್ತರ್ರ, ನಾ ಅದೀನ್ರೀ, ಯಾವ ಮೇಡಮ್ಮೂ ಅಲ್ಲ" ಎಂದೆ. ಅವರ ಮುಖ ಇಳಿದದ್ದು ನೋಡಿ ನನ್ನ ನಗು ನಿಂತಿತು.

ಮಧ್ಯಾಹ್ನ ಬಂದು ನನ್ನ ಮೇಜಿನ ಎದುರು ಕೂತು ಎಲ್ಲ ಹೇಳಿದರು. ಎರಡೂ ಕಣ್ಣಿಗೆ ಪೊರೆ. ದೊಡ್ಡಾಸ್ಪತ್ರೆಯ ಡಾಕ್ಟರು ಕುಯ್ಯಬೇಕು, ಹದಿನೈದು ದಿನ ಅಲುಗಾಡದೆ ಮಲಗಬೇಕು ಅಂದಿದ್ದಾರೆ. ಹಾಸಿಗೆ ಖಾಲಿ ಇಲ್ಲ, ಹೆಸರು ಬರೆಸಿ ಹೋಗು ಅಂದಿದ್ದಾರೆ. ಬರೆಸಿ ವರ್ಷವಾಯಿತು. ಈಗ ಮನುಷ್ಯರೆಲ್ಲ ಹೊಗೆಯೊಳಗೆ ನಿಂತ ಹಾಗೆ ಕಾಣುತ್ತಾರಂತೆ. ಬಿಳಿ, ಹಳದಿ, ನೀಲಿ ಎಲ್ಲ ಒಂದೇ. ಕೆಂಪು ಒಂದು ಮಾತ್ರ ಇನ್ನೂ ಗೊತ್ತಾಗುತ್ತದೆ.

"ಯಾರಿಗೂ ಹೇಳ್ಬೇಡಿ, ಆಯ್ತಾ? ಮನೆಯವಳಿಗೂ ಗೊತ್ತಿಲ್ಲ. ಕಣ್ಣು ಕಾಣದ ಕ್ಯಾಡಿ ಮಾಸ್ತರ ಯಾರಿಗೆ ಬೇಕು? ಕೆಲಸ ಹೋದ್ರೆ ಮನೆಯೂ ಹೋಯ್ತು."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಅಂದಿನಿಂದ ನೋಟಿಸುಗಳನ್ನು ಅವರಿಗೆ ಮೆಲ್ಲಗೆ ಓದಿ ಹೇಳುವುದು, ಕ್ಯಾಡಿಗಳ ಹಾಜರಿ ಬರೆಯುವುದು ನನ್ನ ಕೆಲಸವಾಯಿತು. ಗುಟ್ಟು ಕಾಯುವುದರಲ್ಲಿ ಒಂದು ಹೆಮ್ಮೆ ಇರುತ್ತದೆ. ಆ ವಯಸ್ಸಿನಲ್ಲಂತೂ ಬಹಳ.

ಚಳಿಗಾಲ ಮುಗಿಯುವ ಹೊತ್ತಿಗೆ ಟೂರ್ನಮೆಂಟಿನ ಮಾತು ಎದ್ದಿತು. ಕ್ಲಬ್ಬಿನ ಮಹಿಳಾ ಸಮಿತಿಯವರು ಬಡವರಿಗಾಗಿ ಕಣ್ಣಿನ ವಾರ್ಡೊಂದನ್ನು ಕಟ್ಟಿಸುತ್ತಿದ್ದರು. ಗೋಡೆ ಎದ್ದಿತ್ತು, ಹಾಸಿಗೆಗೆ ಹಣ ಸಾಲದು. ಗಾಲ್ಫ್ ಪಂದ್ಯ ಇಟ್ಟು, ಊರಿನ ಶ್ರೀಮಂತರನ್ನೆಲ್ಲ ಕರೆದು, ಆಡಲು ಬಾರದವರಿಂದಲೂ ಪ್ರವೇಶಧನ ಪಡೆದು ಅದನ್ನು ತುಂಬಿಸುವುದು ಎಂದಾಯಿತು. ಸಮಿತಿಯ ಅಧ್ಯಕ್ಷೆ ಒಬ್ಬ ಗಿರಣಿ ಮಾಲೀಕರ ಹೆಂಡತಿ, ಎಲ್ಲರಿಗೂ ಮೇಡಂ. ಅವರನ್ನು ಕೆಟ್ಟವರೆಂದು ಬರೆದರೆ ಸುಲಭವಾಗುತ್ತಿತ್ತು; ಹಾಗಿರಲಿಲ್ಲ. ಅವರ ತಾಯಿ ಕೊನೆಗಾಲದಲ್ಲಿ ಕುರುಡಾಗಿ ಸತ್ತಿದ್ದರು. ವಾರ್ಡಿನ ಮಾತು ಬಂದಾಗಲೆಲ್ಲ ಅದನ್ನು ಹೇಳುತ್ತಿದ್ದರು.

ಈ ಪಂದ್ಯಕ್ಕಾಗಿ ಮಾಸ್ತರರ ಹಾಗೆ ದುಡಿದವರು ಇನ್ನೊಬ್ಬರಿಲ್ಲ. ಅವರ ಲೆಕ್ಕಾಚಾರ ನನಗೊಬ್ಬಳಿಗೆ ಗೊತ್ತಿತ್ತು. ಪಂದ್ಯದಿಂದ ಹಣ ಕೂಡಿದರೆ ಜೂನಿನಲ್ಲಿ ವಾರ್ಡು ತೆರೆಯುತ್ತದೆ. ಮಳೆಗಾಲಕ್ಕೆ ಮೈದಾನ ಮುಚ್ಚುತ್ತದೆ. ಊರಿಗೆ ಹೋಗಿಬರುತ್ತೇನೆಂದು ರಜೆ ಹಾಕಿ ಅಲ್ಲಿ ಮಲಗುವುದು. "ಕನ್ನಡಕ ಹಾಕಿಕೊಂಡು ಬಂದ್ರೆ, ಚಾಳೀಸು ಬಂತು ಮಾರಾಯ್ರೇ ಅಂತ ಹೇಳಿದ್ರೆ ಮುಗೀತು" ಎಂದು ನಗುತ್ತಿದ್ದರು. ಮುಂಜಾನೆಯಿಂದ ಸಂಜೆಯವರೆಗೆ, ಚೆಂಡು ಬೀಳಿಸುವ ಒಂದು ಕುಳಿಯಿಂದ ಇನ್ನೊಂದಕ್ಕೆ ನಡೆದು ಹುಲ್ಲು ಕತ್ತರಿಸಿದ್ದನ್ನು ಅಂಗೈಯಿಂದ ಸವರಿ ನೋಡುತ್ತಿದ್ದರು. ಎಷ್ಟು ಶ್ರದ್ಧೆ ಎಂದು ಕ್ಲಬ್ಬಿನ ಸೆಕ್ರೆಟರಿ ಹೊಗಳಿದರು. ಶ್ರದ್ಧೆಯೇನೋ ಹೌದು, ಆದರೆ ಕಣ್ಣಿನ ಕೆಲಸವನ್ನು ಕೈಯಿಂದ ಮಾಡುತ್ತಿದ್ದರು.

ನಮ್ಮ ಮೈದಾನಕ್ಕೆ ಒಂಬತ್ತು ಕುಳಿಗಳು. ಅದರಲ್ಲಿ ಏಳನೆಯದು ಅಪಾಯದ್ದು. ಹೊಡೆಯುವ ಜಾಗಕ್ಕೂ ಕುಳಿಗೂ ನಡುವೆ ಒಂದು ದಿಬ್ಬ, ಆಚೆ ಯಾರಿದ್ದಾರೆಂದು ಈಚೆಯವರಿಗೆ ಕಾಣದು. ಅದಕ್ಕಾಗಿ ದಿಬ್ಬದ ಮೇಲೆ ಒಬ್ಬ ಆಗೇವಾಲಾ ಕೆಂಪು ಬಟ್ಟೆ ಹಿಡಿದು ನಿಲ್ಲುತ್ತಿದ್ದ. ಮುಂದಿನವರು ಇನ್ನೂ ಆಚೆ ಇರುವಷ್ಟು ಹೊತ್ತು ಬಟ್ಟೆ ಮೇಲೆ. ಅವರು ಸರಿದ ಮೇಲೆ ಬಟ್ಟೆ ಕೆಳಗೆ, ತಾನೂ ಪಕ್ಕದ ಬಂಡೆಯ ಮರೆಗೆ. ಈಚೆ ಹೊಡೆಯುವ ಜಾಗದಲ್ಲಿ ದೊಡ್ಡ ಪಂದ್ಯದ ದಿನ ಮಾಸ್ತರರೇ ನಿಲ್ಲುವರು. ಅವರು ಹೂಂ ಎಂದ ಮೇಲೆಯೇ ಹೊಡೆತ. ಅದು ಸಾಹೇಬರ ಕಾಲದಿಂದ ಬಂದ ಕಟ್ಟಳೆ. ಬಟ್ಟೆ ಕೆಂಪಾಗಿದ್ದರಿಂದ ಅಷ್ಟು ದೂರದಲ್ಲೂ ಅವರಿಗೆ ಅದೊಂದು ಗೊತ್ತಾಗುತ್ತಿತ್ತು.

ಕೊನೆಯ ಸಭೆ ವರಾಂಡದಲ್ಲಿ ನಡೆಯಿತು. ನಾನು ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಳ್ಳುತ್ತಿದ್ದೆ. ಪಾನನಿಷೇಧದ ದಿನಗಳು, ಪರ್ಮಿಟ್ ಇಲ್ಲದ ಅತಿಥಿಗಳಿಗೆ ಏನು ಕುಡಿಸುವುದೆಂದೇ ಒಂದು ಗಂಟೆ ಚರ್ಚೆಯಾಯಿತು. ನಿಂಬೆ ಪಾನಕ ಎಂದು ತೀರ್ಮಾನವಾದ ಮೇಲೆ ಮೇಡಂ ಒಂದು ಥಾನು ಬಟ್ಟೆ ಬಿಚ್ಚಿ ಮೇಜಿನ ಮೇಲೆ ಹರಡಿದರು. ತಿಳಿನೀಲಿ ಪಾಪ್ಲಿನ್, ಸಮಿತಿಯ ಬಣ್ಣ. ಕ್ಯಾಡಿಗಳ ತಲೆಗೆ, ಕುಳಿಗಳ ಬಾವುಟಕ್ಕೆ, ಆಗೇವಾಲಾಗಳ ಕೈಗೆ ಎಲ್ಲಕ್ಕೂ ಇದೇ. ಪತ್ರಿಕೆಯವರು ಫೋಟೋ ತೆಗೆಯಲು ಬರುತ್ತಾರೆ, ಆ ಹರಕು ಕೆಂಪು ಚಿಂದಿಗಳು ಎಲ್ಲೂ ಕಾಣಬಾರದು ಎಂದರು. ಅಂಚನ್ನು ತಾವೇ ಕೂತು ಹೊಲಿಯುತ್ತಾರಂತೆ.

ಸೆಕ್ರೆಟರಿ ಬಾಗಿಲಲ್ಲಿ ನಿಂತಿದ್ದ ಮಾಸ್ತರರ ಕಡೆ ತಿರುಗಿ "ಚಲೇಗಾ ನಾ?", ನಡೆಯುತ್ತದೆ ತಾನೆ, ಎಂದರು.

ಮಾಸ್ತರರು ಮೇಜಿನ ಮೇಲಿನ ಬಟ್ಟೆಯ ಕಡೆ ಕತ್ತು ಚಾಚಿದರು. ಆಮೇಲೆ ನಾನು ಕೂತ ಕಡೆ ತಿರುಗಿದರು. ನನ್ನನ್ನು ನೋಡಿದರು ಎನ್ನಲಾರೆ... ನನ್ನ ಕಡೆ ಮುಖ ಮಾಡಿದರು ಅಷ್ಟೆ.

"ಚಲೇಗಾ ಸಾಬ್" ಎಂದರು.

ನಾನು ಅದನ್ನೂ ಬರೆದುಕೊಂಡೆ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಬಾಯಿ ಬಿಟ್ಟರೆ ಅವರ ಕೆಲಸ ಹೋಗುತ್ತದೆ, ಜೂನಿನ ಹಾಸಿಗೆಯೂ ಹೋಗುತ್ತದೆ ಎಂದು ಹೆದರಿದೆ. ಸಭೆ ಮುಗಿದ ಮೇಲೆ ಅವರ ಹಿಂದೆ ಓಡಿದೆ.

"ಮಾಸ್ತರ್ರ, ಏಳನೇದಕ್ಕರ ಕೆಂಪು ಅರಿವೀನ ಇರಲಿ ಅಂತ ಹೇಳ್ರಲಾ."

"ಯಾಕೆ ಅಂತ ಕೇಳ್ತಾರೆ ತಂಗಿ. ಆಗ ಎಂತ ಹೇಳುದು?" ಕೊರಳ ಸೀಟಿಯನ್ನು ಬೆರಳಲ್ಲಿ ತಿರುವಿ, "ಅಲ್ಲಿ ನಿಲ್ಲುದು ಇವಳ ತಮ್ಮನೇ, ಅವನ ಹತ್ರ ಹೇಳ್ತೇನೆ. ಸೊಂಟದಲ್ಲಿ ಒಂದು ಕೆಂಪು ಇಟ್ಟುಕೊಂಡು ಅದನ್ನೇ ಎತ್ತಲಿ. ಫೋಟೋದವರು ಅಷ್ಟು ದೂರ ಬರುದಿಲ್ಲ" ಎಂದರು.

ಭಾವಮೈದುನನಿಗೆ ಹೇಳಿದರು. ಆದರೆ ಏಕೆಂದು ಹೇಳಲಿಲ್ಲ. ಅವನಿಗೆ ಹೇಳಿದರೆ ಅಕ್ಕನಿಗೆ ಹೋಗುತ್ತದೆ, ಅಕ್ಕ ಅತ್ತರೆ ಕ್ವಾರ್ಟರಿನ ಸಾಲಿಗೆಲ್ಲ ಗೊತ್ತಾಗುತ್ತದೆ ಎಂಬ ಭಯ. ಹಾಗಾಗಿ ಅವನ ಪಾಲಿಗೆ ಅದು ವಯಸ್ಸಾದ ಭಾವನ ಒಂದು ಹಳೆಯ ಹಟ ಮಾತ್ರವಾಗಿತ್ತು.

ಪಂದ್ಯದ ದಿನ ಭಾನುವಾರ. ಆಕಾಶ ಒಂದು ಮೋಡವಿಲ್ಲದೆ ತಿಳಿಯಾಗಿತ್ತು. ಕ್ಲಬ್ಬಿನ ಮೆಟ್ಟಿಲ ಬಳಿ ಮೇಜು ಹಾಕಿಕೊಂಡು ನಾನು ಅತಿಥಿಗಳ ಹೆಸರು ಬರೆಯುತ್ತಿದ್ದೆ. ಕಾರುಗಳ ಸಾಲು ಗೇಟಿನ ಆಚೆಯವರೆಗೆ. ಮೇಡಂ ಬೆಳಿಗ್ಗೆಯೇ ಜೀಪಿನಲ್ಲಿ ಇಡೀ ಮೈದಾನ ಸುತ್ತಿ, ಎಲ್ಲ ಒಪ್ಪವಾಗಿದೆಯೇ ಎಂದು ನೋಡಿ ಬಂದರು. ಬಂದವರೇ ಮೂರು ನಾಲ್ಕು ಕೆಂಪು ಚಿಂದಿಗಳನ್ನು ನನ್ನ ಮೇಜಿನ ಮೇಲೆ ಹಾಕಿದರು. "ನೋಡು, ಇನ್ನೂ ಇಟ್ಟುಕೊಂಡಿದ್ದರು! ಏಳನೆಯ ಹುಡುಗನಂತೂ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ. ಕೇಳಿದ ಕೂಡಲೇ ನಕ್ಕು ಕೊಟ್ಟ, ಪಾಪ. ಎಸೆದುಬಿಡು" ಎಂದು ಇಂಗ್ಲಿಷಿನಲ್ಲಿ ಹೇಳಿ ಒಳಗೆ ಹೋದರು.

ನಾನು ಎದ್ದೆ. ಎದ್ದದ್ದು ನಿಜ. ಏಳನೆಯ ಕುಳಿಗೆ ಅಲ್ಲಿಂದ ಹತ್ತು ಹದಿನೈದು ನಿಮಿಷದ ನಡಿಗೆ. ಆಟ ಅಲ್ಲಿಗೆ ತಲುಪಲು ಇನ್ನೂ ಒಂದು ಗಂಟೆಗಿಂತ ಹೆಚ್ಚು ಹೊತ್ತಿತ್ತು. ಸೆಕ್ರೆಟರಿ ನೋಡಿ, "ಎಲ್ಲಿಗೆ? ಜನ ನಿಂತಿದ್ದಾರೆ ಕಾಣುವುದಿಲ್ಲವೇ?" ಎಂದು ಗದರಿದರು. ನಾನು ಕೂತೆ. ಸಾಲು ಕರಗಿದ ಮೇಲೆ ಹೋಗುತ್ತೇನೆ ಎಂದುಕೊಂಡೆ. ಸಾಲು ಕರಗಿದ ಮೇಲೆ ನಿಂಬೆ ಪಾನಕದ ಲೋಟ ಕಡಿಮೆ ಬಿದ್ದವು, ಅದನ್ನು ನೋಡು ಎಂದರು... ಮಾಸ್ತರರು ಹೇಗೋ ನಿಭಾಯಿಸುತ್ತಾರೆ, ಇಷ್ಟು ದಿನ ನಿಭಾಯಿಸಿಲ್ಲವೇ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಆ ಸಮಾಧಾನಕ್ಕೆ ಬೆಂಕಿ ಹಾಕಬೇಕು.

ನಡೆದದ್ದನ್ನು ನಾನು ಕಣ್ಣಾರೆ ನೋಡಲಿಲ್ಲ. ಕ್ಯಾಡಿಗಳು ಹೇಳಿದ್ದು ಇಷ್ಟು. ಮುಂದಿನ ತಂಡದವರು ದಿಬ್ಬದ ಆಚೆ ಚೆಂಡು ಹುಡುಕುತ್ತ ತಡಮಾಡಿದ್ದರು. ಭಾವಮೈದುನ ಅವರ ಕಡೆ ಮುಖ ಮಾಡಿ, ಹೊಡೆಯುವವರಿಗೆ ಬೆನ್ನು ಹಾಕಿ, ತಿಳಿನೀಲಿ ಬಟ್ಟೆಯನ್ನು ನೆತ್ತಿಯ ಮೇಲೆ ಎತ್ತಿ ಹಿಡಿದು ನಿಂತಿದ್ದ. ಹಿಂದೆ ಆಕಾಶವೂ ಅದೇ ಬಣ್ಣ. ಈಚೆ ಮಾಸ್ತರರು ದಿಬ್ಬದ ಕಡೆ ಬಹಳ ಹೊತ್ತು ನೋಡಿದರು. ಕೆಂಪು ಕಾಣಲಿಲ್ಲ. ಕೆಂಪು ಕಾಣದಿದ್ದರೆ ಬಟ್ಟೆ ಇಳಿದಿದೆ ಎಂದರ್ಥ. ಸೊಂಟದ ಕೆಂಪು ಮೇಡಂ ಕೈಗೆ ಹೋಯಿತೆಂದು ಅವರಿಗೆ ಯಾರು ಹೇಳಿದ್ದರು? ಅವರು ಹೂಂ ಎಂದರು. ಹೊಡೆದವರು ಅದೇ ಮೊದಲ ಸಲ ಕೋಲು ಹಿಡಿದ ಬಟ್ಟೆ ವ್ಯಾಪಾರಿ, ತಲೆ ತಗ್ಗಿಸಿ ಚೆಂಡನ್ನೇ ನೋಡುತ್ತಿದ್ದವರು. ಚೆಂಡು ಎತ್ತರಕ್ಕೇಳದೆ ನೇರ ಹೋಗಿ ಭಾವಮೈದುನನ ಕಿವಿಯ ಹಿಂದೆ ಬಡಿಯಿತು.

ಅವನನ್ನು ಅದೇ ಜೀಪಿನಲ್ಲಿ ಆಸ್ಪತ್ರೆಗೆ ಒಯ್ದರು. ಮಾಸ್ತರರು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರಂತೆ. ಇತ್ತ ಅತಿಥಿಗಳಿಗೆ ವಿಷಯ ತಿಳಿಸಲಿಲ್ಲ. ಬಹುಮಾನ ಹಂಚಿದರು, ಭಾಷಣಗಳಾದವು, ಚಪ್ಪಾಳೆಯಾಯಿತು. ನಾನು ಬಹುಮಾನ ಪಡೆದವರ ಹೆಸರು ಬರೆದುಕೊಂಡೆ. ಮೂರನೆಯ ದಿನ ಬೆಳಿಗ್ಗೆ ಅವನು ತೀರಿಕೊಂಡ, ಒಮ್ಮೆಯೂ ಎಚ್ಚರವಾಗಲಿಲ್ಲ. ಕ್ವಾರ್ಟರಿನ ಮುಂದೆ ಅಕ್ಕ ಕೂಗಿದ ಕೂಗು ಆಫೀಸಿನವರೆಗೆ ಕೇಳಿತು. ನಾನು ಟೈಪ್‌ರೈಟರಿನ ಮೇಲೆ ತಲೆಯಿಟ್ಟು ಅತ್ತೆ.

ವಿಚಾರಣೆ ಎಂದು ಒಂದು ಆಯಿತು, ಅರ್ಧ ಗಂಟೆಯದ್ದು. ಬಟ್ಟೆ ಎತ್ತಿ ಹಿಡಿದದ್ದನ್ನು ದಿಬ್ಬದ ಆಚೆಯ ತಂಡದವರು ಕಂಡಿದ್ದರು. ಹಾಗಿದ್ದೂ ಏಕೆ ಹೂಂ ಎಂದೆ ಎಂದು ಸೆಕ್ರೆಟರಿ ಕೇಳಿದರು. ಬಟ್ಟೆಯ ಬಣ್ಣ ಬದಲಿಸಿದಿರಿ ಎನ್ನಬಹುದಿತ್ತು. ಮಾಸ್ತರರು ಕೈಕಟ್ಟಿ ನಿಂತು, "ನನ್ನದೇ ತಪ್ಪು ಸಾಬ್, ಧ್ಯಾನ್ ನಹೀಂ ಥಾ" ಎಂದರು. ಗಮನವಿಲ್ಲದೆ ಸಂಕೇತ ಕೊಟ್ಟಿದ್ದರಿಂದ ಅಪಘಾತ ಎಂದು ನಾನೇ ಮೂರು ಪ್ರತಿ ಟೈಪು ಮಾಡಿದೆ. ಒಂದಕ್ಷರ ತಪ್ಪಿಲ್ಲದ ಹಾಗೆ. ತಿಂಗಳ ಕೊನೆಗೆ ಅವರು ಕ್ವಾರ್ಟರ್ ಖಾಲಿ ಮಾಡಿ ವಿಕ್ರೋಳಿಯ ಒಂದು ಚಾಳಿಗೆ ಹೋದರು.

ಜೂನಿನಲ್ಲಿ ವಾರ್ಡು ತೆರೆಯಿತು. ಅಂದುಕೊಂಡದ್ದಕ್ಕಿಂತ ಹೆಚ್ಚು ಹಾಸಿಗೆಗಳಾಗಿದ್ದವು. ನಾನು ಧೈರ್ಯ ಮಾಡಿ, ಗುರುತಿನ ಒಬ್ಬ ಬಡವರಿಗೆ ಎಂದು ಮೇಡಂ ಹತ್ತಿರ ಚೀಟಿ ಕೇಳಿದೆ. ಯಾರು ಏನು ಎಂದು ಕೇಳದೆ ಸಹಿ ಮಾಡಿ ಕೊಟ್ಟರು. ಅದನ್ನು ಹಿಡಿದು ಸುರಿವ ಮಳೆಯಲ್ಲಿ ವಿಕ್ರೋಳಿಗೆ ಹೋದೆ. ಕೋಣೆಯೊಳಗೆ ಮಾಸ್ತರರ ಹೆಂಡತಿ ಯಾವುದೋ ಹೋಟೆಲಿನ ದೋಸೆ ಹಿಟ್ಟು ರುಬ್ಬುತ್ತಿದ್ದಳು. ನನ್ನನ್ನು ಕಂಡು, "ಒಳಗೆ ಬನ್ನಿ, ಚಹಾ ಮಾಡ್ತೇನೆ" ಎಂದಳು. ಅಷ್ಟೇ ಆಡಿದ ಮಾತು. ಮಾಸ್ತರರಿಗೆ ಕೈ ತೊಳೆಯಬೇಕಾಗಿತ್ತು. ರುಬ್ಬುವುದು ಬಿಟ್ಟು ಎದ್ದು, ಅವರ ಮೊಣಕೈ ಹಿಡಿದು ಮೋರಿಯವರೆಗೆ ನಡೆಸಿ, ತಂಬಿಗೆ ಕೈಗಿಟ್ಟು, ಮತ್ತೆ ಕರೆತಂದು ಕೂರಿಸಿದಳು. ಒಂದು ಬಿರುಸು ಮಾತಿಲ್ಲ. ಅವರ ಮುಖದ ಕಡೆ ನೋಡಲೂ ಇಲ್ಲ.

ಆಕೆ ನೀರು ತರಲು ಹೊರಗೆ ಹೋದಾಗ ಚೀಟಿ ಅವರ ಕೈಗಿಟ್ಟು ವಿಷಯ ಹೇಳಿದೆ. ನಾಳೆಯೇ ಹೋಗಬಹುದು, ನಾನೇ ಜೊತೆಗೆ ಬರುತ್ತೇನೆ ಎಂದೆ. ಅವರು ಚೀಟಿಯನ್ನು ಬೆರಳಿನಿಂದ ಸವರಿ ನನಗೇ ವಾಪಸು ಕೊಟ್ಟರು.

"ಅವಳಿಗೆ ಎಲ್ಲ ಗೊತ್ತುಂಟು ತಂಗಿ. ಹದಿಮೂರರ ಕಾರ್ಯ ಆದ ಮೇಲೆ ನಾನೇ ಹೇಳಿದೆ." ಬಾಗಿಲ ಕಡೆ ಕಿವಿ ಕೊಟ್ಟು ದನಿ ತಗ್ಗಿಸಿದರು. "ಇನ್ನು ಕಣ್ಣು ಬೇಡ. ಕಣ್ಣು ಬಂದ್ರೆ ದಿನಾ ಅವಳ ಮುಖ ನೋಡ್ಬೇಕಲ್ಲ."

ನಾನು ಚೀಟಿಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡೆ. ಅವರಿಗೆ ಹೇಳಲೇಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದ ಮಾತೊಂದಿತ್ತು: ಕೆಂಪು ಬಟ್ಟೆ ಮೇಡಂ ಕಸಿದುಕೊಂಡದ್ದು ನನಗೆ ಬೆಳಿಗ್ಗೆಯೇ ಗೊತ್ತಿತ್ತು, ಎದ್ದವಳು ಮತ್ತೆ ಕೂತೆ ಎಂದು. ಅಷ್ಟರಲ್ಲಿ ಆಕೆ ಕೊಡ ಹೊತ್ತು ಒಳಗೆ ಬಂದಳು. ಚಹಾ ಕುಡಿದೆ. ಬರುತ್ತೇನೆ ಎಂದು ಎದ್ದೆ. "ಜಾಗ್ರತೆ ಹೋಗಿ, ಮಳೆ ಉಂಟು" ಎಂದರು ಮಾಸ್ತರರು. ಮತ್ತೆ ನಾನು ಆ ಕಡೆ ಹೋಗಲಿಲ್ಲ. ಆ ವರ್ಷವೇ ಕ್ಲಬ್ಬಿನ ಕೆಲಸವನ್ನೂ ಬಿಟ್ಟೆ.

ಎರಡು ವರ್ಷದ ನಂತರ ಒಬ್ಬ ಹಳೆಯ ಕ್ಯಾಡಿ ಲೋಕಲ್ಲಿನಲ್ಲಿ ಸಿಕ್ಕು, ಮಾಸ್ತರರು ತೀರಿಕೊಂಡರೆಂದು ಹೇಳಿದ. ಆಕೆ ಊರಿಗೆ ಹೋದಳಂತೆ; ಕೆಲವು ವರ್ಷಕ್ಕೆ ಆಕೆಯೂ ಇಲ್ಲವೆಂದು ಕೇಳಿದೆ. ಮೇಡಂ, ಸೆಕ್ರೆಟರಿ ಒಬ್ಬೊಬ್ಬರಾಗಿ ಹೋದರು. ಆ ಮೈದಾನದ ಮೇಲೆ ಈಗ ಬಿಲ್ಡಿಂಗುಗಳು. ದಿಬ್ಬ ಯಾವುದು, ಕುಳಿ ಯಾವುದು ಎಂದು ನಾನು ಹೋದರೂ ಗುರುತು ಸಿಗದು. ಆ ವಾರ್ಡಿನಲ್ಲಿ ಎಷ್ಟೋ ಬಡವರಿಗೆ ಕಣ್ಣು ಬಂತು. ಅದನ್ನೂ ಹೇಳಬೇಕು, ಹೇಳದಿದ್ದರೆ ಅನ್ಯಾಯವಾಗುತ್ತದೆ.

ನಾನು ಮದುವೆಯಾದೆ, ಮಕ್ಕಳನ್ನು ಬೆಳೆಸಿದೆ, ಬಾಯಿಬಡಕಿ ಎಂದು ಮನೆಯಲ್ಲಿ ಹೆಸರು ತೆಗೆದುಕೊಂಡೆ. ಈ ಸಂಗತಿ ಮಾತ್ರ ಗಂಡನಿಗೂ ಹೇಳಿರಲಿಲ್ಲ. ಟ್ಯಾಕ್ಸಿ ಬಿಟ್ಟು ಮನೆಗೆ ನಡೆದು ಬಂದ ಆ ಸಂಜೆ ಸೊಸೆ ಏನಾಯಿತೆಂದು ಕೇಳಿದಳು, ಬಿಸಿಲು ಎಂದೆ. ಮಾಸ್ತರರು ಇಡೀ ತಪ್ಪು ತಮ್ಮೊಬ್ಬರದೇ ಎಂದುಕೊಂಡು ಕತ್ತಲಲ್ಲಿ ಕೂತು ಸತ್ತರು. ಅರ್ಧ ನನ್ನದಿತ್ತು. ಅದನ್ನು ಕೇಳಬೇಕಾದವರು ಈಗ ಒಬ್ಬರೂ ಉಳಿದಿಲ್ಲ.